ಅರಿವಿನ ದಾನಕ್ಕೂ ತರಬೇತಿ ಬೇಕು

ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಯಿತು. ಯಾರು ಬೇಕಾದರೂ ಓದಿ ತಿದ್ದಬಹುದಾದ ಈ ವಿಶ್ವಕೋಶಕ್ಕೆ ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತರಬೇತಿ ಪಡೆದು ಬರೆದಿದ್ದಾರೆ. ಯಾದಗಿರಿ ಜಿಲ್ಲೆಯ ದೋರನಹಳ್ಳಿಯಂತಹ ಊರುಗಳ ಯುವಕ ಯುವತಿಯರಿಗೂ ಆ ತರಬೇತಿ ದೊರೆಯಬೇಕು. ನಮ್ಮ ಊರಿನ ಕುರಿತು ನಾವು ಬರೆಯದಿದ್ದರೆ, ನಮ್ಮನ್ನು ಅರಿಯದವರು ಬರೆದುದೇ ಜಗತ್ತಿಗೆ ಪ್ರಮಾಣವಾಗುತ್ತದೆ.

ಆದರೆ ಉತ್ಸಾಹವೊಂದೇ ಸಾಲದು. ಹೊಸಬರು ಅಭಿಮಾನದಿಂದ ಬರೆದ ಹೊಗಳಿಕೆಯನ್ನೂ ಬೇರೆಡೆಯಿಂದ ನಕಲಿಸಿದ ಸಾಲುಗಳನ್ನೂ ಅಲ್ಲಿ ಅಳಿಸಲಾಗುತ್ತದೆ. ನೊಂದವರು ಅನೇಕರು ಮರಳುವುದಿಲ್ಲ. ಆದ್ದರಿಂದ ಮೊದಲ ಪಾಠ ಉಲ್ಲೇಖದ್ದಾಗಲಿ. ಹದೀಸ್ ವಿದ್ವಾಂಸರು ಪ್ರತಿಯೊಂದು ವರದಿಗೂ ವರದಿಗಾರರ ಸರಪಣಿಯನ್ನು ಕೇಳಿದರು. ಆ ಪರಂಪರೆಯ ವಾರಸುದಾರರಿಗೆ ‘ಇದಕ್ಕೆ ಆಧಾರವೇನು?’ ಎಂಬ ಪ್ರಶ್ನೆ ಅಪಮಾನವೆನಿಸಬಾರದು. ಹಿರಿಯರ ಬಾಯಿಮಾತು ಎಷ್ಟೇ ಸತ್ಯವಾಗಿದ್ದರೂ ವಿಕಿಪೀಡಿಯ ಕೇಳುವುದು ಪ್ರಕಟಿತ ಆಧಾರವನ್ನು. ಅವರ ನೆನಪುಗಳನ್ನು ಮೊದಲು ಪತ್ರಿಕೆಗಳಿಗೆ ಬರೆಯೋಣ.

ಒಂದು ದಿನದ ಶಿಬಿರದಿಂದ ಬರಹಗಾರರು ಹುಟ್ಟುವುದಿಲ್ಲ. ಹೊಸಬರು ಮೊದಲು ಒಂದು ಅಕ್ಷರದೋಷವನ್ನು ತಿದ್ದಲಿ, ಬಳಿಕ ಒಂದು ವಾಕ್ಯ, ಅನಂತರ ಒಂದು ಲೇಖನ ಬರೆಯಲಿ. ಆ ತಿಂಗಳುಗಳುದ್ದಕ್ಕೂ ಬಲ್ಲವರೊಬ್ಬರು ಅವರ ಜೊತೆಗಿರಲಿ. ಉಪಯುಕ್ತ ಜ್ಞಾನವು ಮರಣಾನಂತರವೂ ಪ್ರತಿಫಲ ತರುವುದೆಂದು ನಂಬಿದ ಸಮುದಾಯಕ್ಕೆ ಇಷ್ಟು ಸಮಯ ಭಾರವಾಗಬಾರದು.