ಆ ಓಣಿಯಲ್ಲಿ ಕಲ್ಲು ಬೀಳಲಿಲ್ಲವೇಕೆ?



ಸುರತ್ಕಲ್, ಕೃಷ್ಣಾಪುರ, ಕಾಟಿಪಳ್ಳದ ಮನೆಗಳಿಗೆ ಕೆಲವು ವರ್ಷಗಳನ್ನು ಯಾರೂ ನೆನಪಿಸಬೇಕಾಗಿಲ್ಲ. 1998ರ ಕೊನೆಯ ಗಲಭೆ. 2018ರ ಜನವರಿಯಲ್ಲಿ ಕಾಟಿಪಳ್ಳದಲ್ಲೊಂದು ಕೊಲೆ, ಅದೇ ರಾತ್ರಿ ಕೊಟ್ಟಾರ ಚೌಕಿಯಲ್ಲಿ ಹಲ್ಲೆಗೊಳಗಾದ ಇನ್ನೊಬ್ಬರು ಕೆಲವೇ ದಿನಗಳಲ್ಲಿ ತೀರಿಕೊಂಡರು. 2022ರ ಜುಲೈ 26ರಂದು ಬೆಳ್ಳಾರೆಯಲ್ಲಿ ಒಬ್ಬ ಯುವಕ, 28ರಂದು ಸುರತ್ಕಲ್ ಪೇಟೆಯಲ್ಲಿ ಇನ್ನೊಬ್ಬ. ಪ್ರತಿ ಸಲವೂ ಅದೇ ನಿಷೇಧಾಜ್ಞೆ, ಮುಚ್ಚಿದ ಅಂಗಡಿಗಳು, ಶಾಂತಿ ಸಭೆ. 2025ರಲ್ಲಿ ಸರಕಾರ ಕೋಮು ಹಿಂಸೆಯ ತಡೆಗೆಂದೇ ವಿಶೇಷ ಕಾರ್ಯಪಡೆಯನ್ನು ರಚಿಸಿತು. ಒಳ್ಳೆಯದೇ. ಆದರೆ ಹಿಂಸೆ ಹೇಗೆ ಹುಟ್ಟುತ್ತದೆ, ಎಲ್ಲಿ ತಡೆದು ನಿಲ್ಲುತ್ತದೆ ಎಂದು ವರ್ಷಗಟ್ಟಲೆ ಕುಳಿತು ಅಧ್ಯಯನ ಮಾಡುವವರಾರು?

ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿದ ಹೆಣ್ಣುಮಗಳೊಬ್ಬಳು ಇದೇ ವಿಷಯದಲ್ಲಿ ಪಿಎಚ್.ಡಿ. ಮಾಡುತ್ತೇನೆಂದಾಗ ಅವಳ ಉಮ್ಮ ನನ್ನಲ್ಲಿ ಕೇಳಿದರು: "ಬೇರೆ ವಿಷಯವೇ ಇಲ್ಲವಾ? ಕೊಲೆ, ಕೇಸು ಎಲ್ಲ ನಮಗ್ಯಾಕೆ?"

ಆ ಭಯ ಸುಳ್ಳಲ್ಲ. ಆದರೆ ಪ್ರವಾದಿತ್ವಕ್ಕೂ ಮುಂಚೆ, ಅಬ್ದುಲ್ಲಾ ಬಿನ್ ಜುದ್‌ಆನರ ಮನೆಯಲ್ಲಿ ನಡೆದ 'ಹಿಲ್ಫುಲ್ ಫುದೂಲ್' ಒಪ್ಪಂದದಲ್ಲಿ ಪ್ರವಾದಿವರ್ಯರು(ಸ) ಪಾಲ್ಗೊಂಡಿದ್ದರು. ಯಾವ ಗೋತ್ರದವನೆಂದು ನೋಡದೆ ಮರ್ದಿತನ ಪರ ನಿಲ್ಲುವ ಒಪ್ಪಂದವದು. ಸುದ್ದಿ ಬಂದಾಗ ಪರಿಶೀಲಿಸಿರಿ ಎಂಬ ಆಜ್ಞೆ ಸೂರಃ ಅಲ್ ಹುಜುರಾತ್‌ನಲ್ಲಿದೆ. ಹದೀಸ್‌ನ ಒಬ್ಬೊಬ್ಬ ವರದಿಗಾರನನ್ನೂ ತೂಗಿ ನೋಡಿದ ಪರಂಪರೆ ನಮ್ಮದು. ನಮ್ಮ ಮಕ್ಕಳಿಗೆ ಸಂಶೋಧನೆ ಹೊರಗಿನ ವಿದ್ಯೆಯೇನೂ ಅಲ್ಲ.

ಇನ್ನು ಹಣದ ಮಾತು. ಮುಸ್ಲಿಮ್ ವಿದ್ಯಾರ್ಥಿಗಳಿಗೂ ನೆರವಾಗುತ್ತಿದ್ದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ ನಿಂತುಹೋಯಿತೆಂದು 2022ರ ಡಿಸೆಂಬರ್‌ನಲ್ಲಿ ಸಂಸತ್ತಿಗೆ ತಿಳಿಸಲಾಯಿತು. ಅದು ದೊಡ್ಡ ನಷ್ಟ. ಆದರೆ ಎಲ್ಲ ಬಾಗಿಲೂ ಮುಚ್ಚಿಲ್ಲ. ಯುಜಿಸಿಯ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಗಳಿಸಿದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ನಿಗದಿಯಾಗಿದೆ. ಸಮಾಜಶಾಸ್ತ್ರದಂತೆ ಅಪರಾಧಶಾಸ್ತ್ರವೂ ಅದರಲ್ಲೊಂದು ವಿಷಯ. ಬೇಗ ಮದುವೆಯಾದವರು ಗಮನಿಸಿ, ವಯೋಮಿತಿಯಲ್ಲಿ ಮಹಿಳೆಯರಿಗೆ 5 ವರ್ಷಗಳ ಸಡಿಲಿಕೆ ಇದೆ. ಪಿಎಚ್.ಡಿ. ಅವಧಿಯಲ್ಲಿ ಹೆರಿಗೆ, ಮಗುವಿನ ಪಾಲನೆಗಾಗಿ 240 ದಿನಗಳವರೆಗೆ ರಜೆಗೂ 2022ರ ನಿಯಮಾವಳಿಯಲ್ಲಿ ಅವಕಾಶವಿದೆ. ದಿಲ್ಲಿಯ ಭಾರತೀಯ ಸಮಾಜವಿಜ್ಞಾನ ಸಂಶೋಧನಾ ಮಂಡಳಿ 1969ರಿಂದ ಇಂಥ ಕೆಲಸಕ್ಕೇ ಹಣ ಕೊಡುತ್ತಿದೆ. ಅದರ ಡಾಕ್ಟರಲ್ ಫೆಲೋಶಿಪ್‌ಗೆ ಮೊದಲು ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಪಿಎಚ್.ಡಿ. ನೋಂದಣಿಯಾಗಿರಬೇಕು. ಅಂದರೆ ಹಣಕ್ಕಿಂತ ಮೊದಲು ಒಬ್ಬ ಒಳ್ಳೆಯ ಮಾರ್ಗದರ್ಶಕರನ್ನು ಹುಡುಕಬೇಕು. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯ ನಮಗೆ ದೂರವಲ್ಲ. ನಗರದ ರೋಶನಿ ನಿಲಯದಲ್ಲಿ ಅಪರಾಧಶಾಸ್ತ್ರದ ವಿಭಾಗವೇ ಇದೆ.

ಅರ್ಜಿ ಬಿದ್ದುಹೋಗುವುದು ಹೆಚ್ಚಾಗಿ ಪ್ರಶ್ನೆಯಲ್ಲಿ. 'ಕೋಮು ಹಿಂಸೆ: ಕಾರಣ ಮತ್ತು ಪರಿಹಾರ' ಎಂದು ಬರೆದರೆ ಅದು ಭಾಷಣದ ವಿಷಯ. 'ನಮ್ಮವರ ಮೇಲಾದ ಅನ್ಯಾಯ' ಎಂದರೆ ಅದು ಮನವಿಪತ್ರ, ಅದನ್ನು ಕೊಡಬೇಕಾದದ್ದು ಜಿಲ್ಲಾಧಿಕಾರಿಗೆ. ಉತ್ತರವನ್ನು ಮೊದಲೇ ಬರೆದಿಟ್ಟುಕೊಂಡವರಿಗೆ ಸಂಶೋಧನೆ ಏಕೆ ಬೇಕು?

ಅಶುತೋಷ್ ವಾರ್ಷ್ಣೇಯ ಎಂಬ ವಿದ್ವಾಂಸರು ಪ್ರಶ್ನೆಯನ್ನು ತಿರುಗಿಸಿ ಕೇಳಿದರು. ಅಲಿಗಢದಲ್ಲಿ ಮತ್ತೆ ಮತ್ತೆ ಗಲಭೆ, ನಮ್ಮ ಪಕ್ಕದ ಕೋಝಿಕ್ಕೋಡ್‌ನಲ್ಲಿ ಶಾಂತಿ, ಏಕೆ? 2002ರಲ್ಲಿ ಪ್ರಕಟವಾದ ಅವರ ಗ್ರಂಥ ಕಂಡುಕೊಂಡದ್ದೇನೆಂದರೆ, ಎರಡೂ ಸಮುದಾಯದವರು ಸೇರಿ ನಡೆಸುವ ವ್ಯಾಪಾರಿ ಸಂಘ, ಕಾರ್ಮಿಕ ಸಂಘಗಳಂಥವು ಇರುವಲ್ಲಿ ವದಂತಿ ಬೇಗ ಸಾಯುತ್ತದೆ. ಬರೀ ನೆರೆಹೊರೆಯ ಸ್ನೇಹ ದೊಡ್ಡ ಊರುಗಳಲ್ಲಿ ಸಾಲದು. ಇಫ್ತಾರ್ ಕೂಟದ ಫೋಟೋಗಳಲ್ಲೇ ತೃಪ್ತರಾಗುವ ನಾವು ಇದನ್ನು ಯೋಚಿಸಬೇಕು.

ನಮ್ಮಲ್ಲೂ ಅದೇ ಪ್ರಶ್ನೆಯನ್ನು ಓಣಿಯ ಮಟ್ಟಕ್ಕೆ ಇಳಿಸಿ ಕೇಳಬಹುದು. ಆ ರಾತ್ರಿ ಒಂದು ಓಣಿಯಲ್ಲಿ ಕಲ್ಲು ಬಿತ್ತು, ಪಕ್ಕದ ಓಣಿಯಲ್ಲಿ ಬೀಳಲಿಲ್ಲ. ಯಾರು ಯಾರಿಗೆ ಫೋನ್ ಮಾಡಿದರು? ಬೀಡಿ ಕಟ್ಟುವ ಹೆಂಗಸರ ನಡುವೆ ಯಾವ ಮಾತು ಓಡಿತು? ಮಗನನ್ನು ಹೊರಗೆ ಬಿಡದೆ ಬಾಗಿಲಿಗೆ ಅಡ್ಡ ನಿಂತ ತಾಯಿ ಯಾರು? ಇಂಥವು ಪೊಲೀಸ್ ದಾಖಲೆಯಲ್ಲಿ ಸಿಗುವುದಿಲ್ಲ. ಅಡುಗೆಮನೆಯಲ್ಲಿ ಕುಳಿತು ಬ್ಯಾರಿಯಲ್ಲೂ ತುಳುವಿನಲ್ಲೂ ಕೇಳಬಲ್ಲವಳಿಗೆ ಸಿಗುತ್ತವೆ. ಅರ್ಜಿಯಲ್ಲಿ ಈ ಭಾಷಾಜ್ಞಾನವನ್ನು ಸಂಕೋಚವಿಲ್ಲದೆ ಬರೆಯಬೇಕು, ಅದೊಂದು ಅರ್ಹತೆ.

ಆ ಉಮ್ಮನ ಭಯಕ್ಕೂ ಅರ್ಜಿಯಲ್ಲೇ ಜಾಗವಿದೆ. ಮಾತನಾಡಿದವರ ಒಪ್ಪಿಗೆ ಪಡೆಯುವುದು ಹೇಗೆ, ಹೆಸರು ಮರೆಮಾಚುವುದು ಹೇಗೆ, ಧ್ವನಿಮುದ್ರಣ ಯಾರ ಕೈಯಲ್ಲಿರುತ್ತದೆ ಎಂಬುದನ್ನೆಲ್ಲ ಅದರಲ್ಲಿ ಬರೆಯಬೇಕಾಗುತ್ತದೆ. ಕೊಲೆಯಾದವನ ತಾಯಿಯನ್ನೂ ಆರೋಪಿಯ ತಾಯಿಯನ್ನೂ ಕಾಣಬೇಕು, ಇಬ್ಬರಿಗೂ ಕೊಟ್ಟ ಮಾತು ಒಂದೇ ಆಗಿರಬೇಕು. ನ್ಯಾಯಾಲಯದಲ್ಲಿರುವ ಪ್ರಕರಣದ ಸಾಕ್ಷಿಗಳನ್ನು ಮುಟ್ಟದಿರುವುದೇ ಲೇಸು. ಖರ್ಚಿನ ಪಟ್ಟಿಯಲ್ಲಿ ಪ್ರಯಾಣ, ಮುದ್ರಣದ ಜೊತೆಗೆ ಕ್ಷೇತ್ರಕಾರ್ಯಕ್ಕೆ ಜೊತೆ ಬರುವ ಮಹಿಳಾ ಸಹಾಯಕಿಯ ಸಂಭಾವನೆಯನ್ನೂ, ಫೆಲೋಶಿಪ್‌ನ ನಿಯಮ ಒಪ್ಪುವುದಾದರೆ, ಸೇರಿಸಬಹುದು. ಇದನ್ನು ಹೇಳಿದಾಗ ಆ ಉಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಸಹಾಯಕಿ ಹಿಂದೂ ಹುಡುಗಿಯಾದರೂ ಆಗುತ್ತದಾ?" ಎಂದು ಕೇಳಿದರು. ಆಗುತ್ತದೆ. ಅರ್ಧ ಮನೆಗಳ ಬಾಗಿಲು ಅವಳಿಂದಲೇ ತೆರೆಯಬೇಕು.