ಕೆಡಹುವವರು ಯಾರು, ತೆರುವವರು ಯಾರು?

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯನ್ನು ನಮ್ಮ ಹಿರಿಯರು ಮಡಕೆಯನ್ನು ಕಂಡು ಹೇಳಿದರು. ಇಂದಿನ ಬೆಂಗಳೂರನ್ನು ಕಂಡಿದ್ದರೆ ಸೇತುವೆ, ರಸ್ತೆ, ಮನೆಗಳನ್ನು ಕುರಿತೂ ಅದನ್ನೇ ಹೇಳುತ್ತಿದ್ದರು. ಆದರೆ ಇಲ್ಲಿ ಒಂದು ಭೇದವುಂಟು. ಒಡೆದ ಮಡಕೆಯ ನಷ್ಟವು ಕುಂಬಾರನದು. ಕೆಡಹಿದ ಸೇತುವೆಯ ನಷ್ಟವಾದರೋ ಕಟ್ಟಿದವನಿಗೂ ತಟ್ಟುವದಿಲ್ಲ, ಕೆಡಹಿದವನಿಗೂ ತಟ್ಟುವದಿಲ್ಲ. ಇಬ್ಬರೂ ತಮ್ಮ ತಮ್ಮ ಕೂಲಿಯನ್ನೆಣಿಸಿಕೊಂಡು ಹೋಗುವರು. ಆ ನಷ್ಟವನ್ನು ತೆರುವವನು ತಿಂಗಳ ಸಂಬಳವನ್ನೇ ನೆಚ್ಚಿ ಬಾಡಿಗೆಯ ಮನೆಯಲ್ಲಿ ಸಂಸಾರ ನಡೆಸುವ ಗೃಹಸ್ಥನು.

ಇದು ಬರಿಯ ಮಾತಲ್ಲವೆಂದು ತೋರಿಸಲು ಒಂದೇ ಉದಾಹರಣೆ ಸಾಕು. ಬನ್ನೇರುಘಟ್ಟ ರಸ್ತೆಯಲ್ಲಿ ಜಯದೇವ ಆಸ್ಪತ್ರೆಯ ಬಳಿಯ ಮೇಲ್ಸೇತುವೆಯು 2006ರ ಸುಮಾರಿಗೆ, ಇಪ್ಪತ್ತು ಕೋಟಿ ರೂಪಾಯಿಗಳಿಗೂ ಮೀರಿದ ವೆಚ್ಚದಲ್ಲಿ ಸಿದ್ಧವಾಯಿತು. ನಗರದ ಮೆಟ್ರೊ ರೈಲಿನ ಮೊದಲನೆಯ ಹಂತಕ್ಕೆ ಕೇಂದ್ರ ಸರಕಾರದ ಒಪ್ಪಿಗೆ ದೊರೆತುದೂ ಅದೇ 2006ರಲ್ಲಿ. ಒಂದೇ ಊರಿನಲ್ಲಿ ಒಂದೇ ಕಾಲಕ್ಕೆ ಒಂದು ಕೈ ಸೇತುವೆ ಕಟ್ಟುತ್ತಿತ್ತು, ಇನ್ನೊಂದು ಕೈ ರೈಲಿನ ದಾರಿಗಳನ್ನು ಬರೆಯುತ್ತಿತ್ತು. ಮುಂದೆ ಎಂದಾದರೊಂದು ದಿನ ಇವೆರಡೂ ಒಂದೇ ಚೌಕದಲ್ಲಿ ಎದುರಾದಾವೆಂದು ಯಾರೂ ಮುಂಗಾಣಲಿಲ್ಲ. ಎರಡನೆಯ ಹಂತದ ಎರಡು ಮಾರ್ಗಗಳು ಕೂಡುವ ನಿಲ್ದಾಣಕ್ಕೆ ಅಲ್ಲಿಯೇ ಸ್ಥಳವು ಗೊತ್ತಾಯಿತು. 2020ರ ಜನವರಿಯಲ್ಲಿ ಸೇತುವೆಯನ್ನು ಕೆಡಹುವ ಕೆಲಸ ಮೊದಲಾಯಿತು. ಹಲವು ತಲೆಮಾರು ಬಾಳಬೇಕಾದ ಸೇತುವೆಯು ಹದಿನೈದು ವರ್ಷವೂ ಬಾಳಲಿಲ್ಲ.

ಮೆಟ್ರೊ ಬೇಡವಾಗಿತ್ತೆಂದು ನಾವು ಹೇಳುವದಿಲ್ಲ. 2025ರ ಆಗಸ್ಟಿನಲ್ಲಿ ರಾಷ್ಟ್ರೀಯ ವಿದ್ಯಾಲಯ ರಸ್ತೆಯಿಂದ ಬೊಮ್ಮಸಂದ್ರದವರೆಗೆ ರೈಲು ಓಡತೊಡಗಿದಾಗ ಸಂತೋಷಪಟ್ಟವರಲ್ಲಿ ನಾವೂ ಸೇರಿದ್ದೇವೆ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡಿನವರೆಗೆ ಕೆಳಗೆ ವಾಹನ, ಮೇಲೆ ರೈಲು ಓಡುವಂತೆ ಒಂದೇ ಸಾಲು ಕಂಬಗಳ ಮೇಲೆ ಎರಡು ಅಂತಸ್ತಿನ ದಾರಿಯನ್ನು ಕಟ್ಟಿ, 2024ರ ಜುಲೈಯಲ್ಲಿ ಅದರ ರಸ್ತೆಯನ್ನು ತೆರೆದರು. ಕೂಡಿ ಯೋಚಿಸಿದರೆ ಎರಡು ಕೆಲಸವನ್ನು ಒಂದೇ ಸಲ ಮಾಡಬಹುದೆಂಬದಕ್ಕೆ ಇದೇ ಸಾಕ್ಷಿ. ಈ ವಿವೇಕವು ಮೊದಲೇ ಏಕೆ ಹುಟ್ಟಲಿಲ್ಲವೆಂಬದೇ ನಮ್ಮ ಪ್ರಶ್ನೆ.

ದೊಡ್ಡ ಸೇತುವೆಯ ಕಥೆಯೇ ಸಣ್ಣ ಬೀದಿಯ ಕಥೆಯೂ ಆಗಿದೆ. ಡಾಂಬರು ಹಾಕಿದ ತಿಂಗಳಲ್ಲಿಯೇ ನೀರಿನ ಕೊಳವೆಯವರು ಅಗೆಯುವರು. ಅವರು ಮುಚ್ಚಿದ ಮೇಲೆ ವಿದ್ಯುತ್ತಿನವರು, ಅವರ ತರುವಾಯ ತಂತಿಯವರು. ಪ್ರತಿಯೊಬ್ಬರ ಬಳಿಯೂ ಅಪ್ಪಣೆಯ ಕಾಗದವಿರುವದು. ಎಲ್ಲ ಕಾಗದಗಳನ್ನೂ ಒಂದೇ ಮೇಜಿನ ಮೇಲಿಟ್ಟು ನೋಡುವವನು ಮಾತ್ರ ಇರುವದಿಲ್ಲ. 2025ರ ಸಪ್ಟೆಂಬರಿನಿಂದ ಆ ನಗರದಲ್ಲಿ ಒಂದು ಪಾಲಿಕೆಯಿದ್ದಲ್ಲಿ ಐದು ಪಾಲಿಕೆಗಳಾಗಿವೆ. ಐವರು ಯಜಮಾನರಾದ ಮನೆಯಲ್ಲಿ ಲೆಕ್ಕದ ಪುಸ್ತಕ ಒಂದೇ ಇರದಿದ್ದರೆ ಮುಂದಿನ ಗತಿಯೇನೆಂಬದನ್ನು ವಾಚಕರೇ ಊಹಿಸಬಹುದು.

ಇದಕ್ಕೂ ಜೀವನದ ತುಟ್ಟಿಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಸರಕಾರದ ಬೊಕ್ಕಸದಲ್ಲಿ ತಾನಾಗಿ ಹುಟ್ಟಿದ ಹಣವೆಂಬದಿಲ್ಲ. ಸಾಲ ತಂದರೆ ಬಡ್ಡಿಯುಂಟು. ಬಡ್ಡಿಯು ತೆರಿಗೆಯಾಗಿಯೋ, ಟಿಕೇಟಿನ ದರವಾಗಿಯೋ ಜನರ ಬಾಗಿಲಿಗೆ ಬರುವದು. 2025ರ ಫೆಬ್ರುವರಿಯಲ್ಲಿ ಮೆಟ್ರೊದ ಅತ್ಯಧಿಕ ದರವು 60 ರೂಪಾಯಿಗಳಿಂದ 90 ರೂಪಾಯಿಗಳಿಗೆ ಏರಿತು. ಒಂದು ಸೇತುವೆಯನ್ನು ಕೆಡಹಿದ್ದೇ ಅದಕ್ಕೆ ಕಾರಣವೆಂದರೆ ಸುಳ್ಳಾದೀತು. ಆದರೆ ಸಾರ್ವಜನಿಕ ಕೆಲಸದಲ್ಲಿ ಎರಡು ಸಲ ಮಾಡಿದ ವೆಚ್ಚವನ್ನು ಒಂದಲ್ಲ ಒಂದು ಹೆಸರಿನಿಂದ ಜನರೇ ತೆರಬೇಕೆಂಬದು ಸುಳ್ಳಲ್ಲ.

ಮನೆಗಳ ಮಾತೂ ಹೀಗೆಯೇ. 1898ರ ಪ್ಲೇಗಿನ ತರುವಾಯ ತುಂಬಿಕೊಂಡ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಹೆಂಚಿನ ಮನೆಗಳೂ ವಠಾರಗಳೂ ಒಂದೊಂದಾಗಿ ಮಾಯವಾಗುತ್ತ ಬಂದಿವೆ. ಜನ ಹೆಚ್ಚಿದಲ್ಲಿ ಮನೆ ಹೆಚ್ಚಬೇಕು. ಒಂದು ಸಂಸಾರವಿದ್ದ ನಿವೇಶನದಲ್ಲಿ ನಾಲ್ಕು ಸಂಸಾರಗಳಿಗೆ ನೆರಳು ದೊರೆತರೆ ಅದು ಒಳಿತೇ ಸರಿ. ಆದರೆ ಗಟ್ಟಿಯಾದ ಗೋಡೆಯುಳ್ಳ ಮನೆಯನ್ನೂ ಹಳೆಯದೆಂಬ ಒಂದೇ ಕಾರಣದಿಂದ ನೆಲಸಮ ಮಾಡಿ, ಅದೇ ಅಳತೆಯ ಮನೆಯನ್ನು ಹೊಸ ಸಾಲದಿಂದ ಕಟ್ಟಿದಾಗ ಲಾಭವಾದುದು ಯಾರಿಗೆ? ಮಾಲಿಕನ ಸಾಲದ ಕಂತು ಬಾಡಿಗೆಯಲ್ಲಿ ಸೇರುವದು. ವಠಾರದ ಎರಡು ಕೋಣೆಗಳಲ್ಲಿ ಹೇಗೋ ಕಾಲ ಕಳೆಯುತ್ತಿದ್ದ ಶಾಲೆಯ ಮಾಸ್ತರನು ಊರ ಹೊರಕ್ಕೆ ಸರಿಯುವನು. ಬಾಡಿಗೆಯಲ್ಲಿ ಉಳಿಸಿದುದನ್ನು ಬಸ್ಸಿಗೆ ಸುರಿಯುವನು. ಇತ್ತ ಹೊಸ ಗೋಡೆಗಾಗಿ ಸೇಡಂ, ವಾಡಿಗಳ ಸುಣ್ಣದ ಕಲ್ಲು ಬೆಂದು ಸಿಮೆಂಟಾಗುವದು, ಎಲ್ಲಿಯದೋ ಗುಡ್ಡ ಪುಡಿಯಾಗಿ ಮರಳಾಗುವದು. ಹಳೆಯ ಗೋಡೆಯ ಮಣ್ಣು ಇರುಳಿನಲ್ಲಿ ಯಾವುದೋ ಕೆರೆಯ ಅಂಚನ್ನು ಸೇರುವದು. ಕಟ್ಟಡದ ಅವಶೇಷಗಳನ್ನು ಹಾಗೆ ಎಸೆಯಕೂಡದೆಂದು ಕೇಂದ್ರ ಸರಕಾರವು 2016ರಲ್ಲಿಯೇ ನಿಯಮ ಮಾಡಿದೆ. ಕಾಗದದ ಮೇಲಿನ ನಿಯಮವು ಲಾರಿಗೆ ಅಡ್ಡ ನಿಲ್ಲದು.

ಹಳೆಯದನ್ನು ಉಳಿಸಿಕೊಂಡೇ ಹೊಸ ಕೆಲಸಕ್ಕೆ ಬಳಸುವ ಜಾಣತನವು ನಮ್ಮ ನಾಡಿಗೆ ಹೊಸದಲ್ಲ. ಧಾರವಾಡದಲ್ಲಿ ದಕ್ಷಿಣ ಮರಾಠಾ ರೈಲ್ವೆಯ ಕಚೇರಿಗಾಗಿ ಕಟ್ಟಿದ ಕಟ್ಟಡವೇ ಕರ್ನಾಟಕ ಕಾಲೇಜಿನ ಮನೆಯಾಯಿತು. ಅಲ್ಲಿ ಕಲಿತು ಹೊರಬಂದವರು ನಾಡಿಗೆಲ್ಲ ಬೆಳಕಾದರು. ಬೆಂಗಳೂರಿನಲ್ಲಿ 1868ರಲ್ಲಿ ಮುಗಿದ ಅಠಾರ ಕಚೇರಿಯು ಹದಿನೆಂಟು ಇಲಾಖೆಗಳಿಗಾಗಿ ಹುಟ್ಟಿ ಮುಂದೆ ಉಚ್ಚ ನ್ಯಾಯಾಲಯವಾಯಿತು. ಅದನ್ನೂ ಕೆಡಹಬೇಕೆಂಬ ಮಾತು 1980ರ ದಶಕದಲ್ಲಿ ಎದ್ದಿತ್ತು. ನಾಗರಿಕರು ತಡೆದರು, ಕಟ್ಟಡವು ಉಳಿಯಿತು.

ಆದುದರಿಂದ ನಮ್ಮ ಬೇಡಿಕೆಗಳು ಇಷ್ಟೇ. ಯಾವ ಸಾರ್ವಜನಿಕ ಕಟ್ಟಡವನ್ನಾಗಲಿ ಸೇತುವೆಯನ್ನಾಗಲಿ ಕೆಡಹುವ ಮುನ್ನ, ಅದು ಎಂದು ಕಟ್ಟಿದ್ದು, ಎಷ್ಟು ಖರ್ಚಾದದ್ದು, ಇನ್ನೆಷ್ಟು ವರ್ಷ ಬಾಳುವದು, ದುರಸ್ತಿಗೆ ಎಷ್ಟು ಬೇಕು, ಹೊಸದಕ್ಕೆ ಎಷ್ಟು ಬೇಕು ಎಂಬ ಲೆಕ್ಕವನ್ನು ಜನರ ನುಡಿಯಾದ ಕನ್ನಡದಲ್ಲಿ ಪ್ರಕಟಿಸಬೇಕು. ರಸ್ತೆಯನ್ನು ಹಾಸುವ ಮೊದಲೇ ಕೊಳವೆ, ತಂತಿಗಳ ಕೆಲಸವನ್ನು ಮುಗಿಸಿ, ಆ ಬಳಿಕ ಗೊತ್ತಾದ ವರ್ಷಗಳವರೆಗೆ ಅಗೆತವನ್ನು ನಿಷೇಧಿಸಬೇಕು. ನಗರದ ಸಾರಿಗೆಯ ಕೆಲಸಗಳನ್ನೆಲ್ಲ ಒಂದೆಡೆ ಕೂಡಿಸಲೆಂದು 2022ರಲ್ಲಿ ವಿಧಾನಮಂಡಲವು ಒಪ್ಪಿದ ಭೂಸಾರಿಗೆ ಪ್ರಾಧಿಕಾರದ ಕಾಯಿದೆಗೆ ಪೂರ್ಣ ಬಲವನ್ನು ಕೊಡಬೇಕು. ಹಳೆಯ ಮನೆಯನ್ನು ದುರಸ್ತಿ ಮಾಡಿ ಬಾಡಿಗೆಗೆ ಕೊಡುವವನಿಗೆ ಕಂದಾಯದಲ್ಲಿ ರಿಯಾಯಿತಿ ದೊರೆಯಬೇಕು.

ಹುಬ್ಬಳ್ಳಿ, ಮೈಸೂರು, ಮಂಗಳೂರು, ಬೆಳಗಾವಿಗಳೂ ಬೆಳೆಯುತ್ತಲಿವೆ. ಬೆಂಗಳೂರು ಕೋಟಿಗಟ್ಟಲೆ ತೆತ್ತು ಕಲಿತ ಪಾಠವನ್ನು ಈ ಊರುಗಳು ಬಿಟ್ಟಿಯಾಗಿ ಕಲಿಯಬಹುದು. ತಮ್ಮ ಊರಿನಲ್ಲಿ ಗುದ್ದಲಿಯ ಸಪ್ಪಳ ಕೇಳಿದೊಡನೆ ವಾಚಕರು ಬೀದಿಗಿಳಿದು, “ಇದರ ಲೆಕ್ಕವೆಲ್ಲಿ?” ಎಂದು ಕೇಳಲಿ. ತೆರುವವನು ಕೇಳದಿದ್ದರೆ ಕೆಡಹುವವನು ತಾನಾಗಿ ಎಂದೂ ಹೇಳಲಾರನು.