ನೀರು ಕುಡಿದ ದೋಣಿ

ಕಳೆದ ದೀಪಾವಳಿ ರಜೆಯಲ್ಲಿ ಮಗಳೊಂದಿಗೆ ಹೊನ್ನಾವರಕ್ಕೆ ಹೋಗಿದ್ದೆ. ಶರಾವತಿ ಕಡಲು ಸೇರುವ ಊರು ಅದು. ಒಂದು ಸಂಜೆ ಹೊಳೆ ಸುತ್ತಿ ಬರೋಣವೆಂದು ದಡಕ್ಕೆ ಬಂದೆವು. ಅಲ್ಲಿ ಎರಡು ಮರದ ದೋಣಿಗಳು. ಒಂದು ದಂಡೆಯ ಮೇಲೆ, ಹೊಸ ಬಣ್ಣ ಬಳಿದುಕೊಂಡು ಒಣಗಿ ನಿಂತಿತ್ತು. ಇನ್ನೊಂದು ನೀರಲ್ಲೇ ಇತ್ತು. ಒದ್ದೆ ಮೈ, ಬಣ್ಣವಿಲ್ಲ. ನಾನು ಒಣಗಿದ್ದನ್ನೇ ತೋರಿಸಿದೆ. ವಯಸ್ಸಾದ ಅಂಬಿಗರು ನಕ್ಕುಬಿಟ್ಟರು.

"ಅದು ಬೇಡ ಮಾಸ್ತರ್ರೇ, ನಡುಹೊಳೆಯಲ್ಲಿ ಸೋರ್ತದೆ. ಇದು ನೀರು ಕುಡಿದ ದೋಣಿ. ಇದ್ರಲ್ಲಿ ಕೂತ್ಕೊಳ್ಳಿ."

ಮೂವತ್ತು ವರ್ಷ ಆರ್ಕಿಮಿಡೀಸನ ತತ್ತ್ವ ಪಾಠ ಮಾಡಿದವನು ನಾನು. ತೇಲುವ ದೋಣಿ ತನ್ನ ತೂಕದಷ್ಟೇ ತೂಕದ ನೀರನ್ನು ಪಕ್ಕಕ್ಕೆ ಸರಿಸುತ್ತದೆ ಎಂದು ಎಷ್ಟು ಸಲ ಬೋರ್ಡಿನ ಮೇಲೆ ಬರೆದಿಲ್ಲ! ಆದರೆ ಎರಡು ಹಲಗೆಗಳ ನಡುವಿನ ಸಂದಿನ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ.

ಮರದ ನಾರುಗಳು ಬಹುಮಟ್ಟಿಗೆ ಉದ್ದಕ್ಕೆ ಸಾಗಿರುತ್ತವೆ. ಅವುಗಳ ಗೋಡೆಯೊಳಗೆ ನೀರಿನ ಅಣುಗಳು ಸೇರಿದಾಗ ಮರ ಅಡ್ಡಕ್ಕೆ ಹಿಗ್ಗುತ್ತದೆ. ಉದ್ದಕ್ಕೆ ಹಿಗ್ಗುವುದು ಇಲ್ಲವೆಂದೇ ಹೇಳಬಹುದು. ಹೀಗೆ ಅಗಲವಾದ ಹಲಗೆಗಳು ಒಂದನ್ನೊಂದು ಒತ್ತಿ ಸಂದು ಮುಚ್ಚಿಕೊಳ್ಳುತ್ತದೆ. ಬಿಸಿಲಿಗೆ ಒಣಗಿದರೆ ಅದೇ ಸಂದು ಬಾಯಿ ಬಿಡುತ್ತದೆ. ದೋಣಿಯನ್ನು ಕಾಯುವುದು ನೀರೇ!

ಹುಟ್ಟಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಕಾಂಡ್ಲಾ ಗಿಡಗಳ ಬೇರುಗಳ ಪಕ್ಕದಲ್ಲೇ ನಿಧಾನವಾಗಿ ಸಾಗಿದೆವು. ಮಗಳು ಕೇಳಿದಳು: "ಅಜ್ಜಾ, ಆ ಬಣ್ಣದ ದೋಣಿ ಯಾರದ್ದು?"

"ನಮ್ಮಣ್ಣಂದು ಮಗಾ. ಅವ ಹೋಗಿ ಮೂರು ವರ್ಷ ಆಯ್ತು. ಹುಡುಗ ಬೆಂಗಳೂರಲ್ಲಿದ್ದಾನೆ. ಅಪ್ಪನ ನೆನಪು ಅಂತ ವರ್ಷಕ್ಕೊಮ್ಮೆ ಬಂದು ಬಣ್ಣ ಹೊಡೀತಾನೆ. ನೀರಿಗೆ ಮಾತ್ರ ಇಳಿಸೂದಿಲ್ಲ, ಹಾಳಾಗ್ತದೆ ಅಂತಾನೆ."

ಸ್ವಲ್ಪ ದಿನದ ಬಿರುಕಾದರೆ ಒಂದೆರಡು ದಿನ ನೀರಲ್ಲಿಟ್ಟರೆ ಕೂಡಿಕೊಳ್ಳುತ್ತದಂತೆ. ವರ್ಷಗಟ್ಟಲೆ ಒಣಗಿ ಹಲಗೆಯೇ ಸೀಳಿದರೆ ಯಾವ ಹೊಳೆಯೂ ಅದನ್ನು ಕೂಡಿಸಲಾರದು. ಫೈಬರ್ ದೋಣಿಗೆ ಈ ಆರೈಕೆ ಬೇಡ, ನಿಜ. ಆದರೆ ಮರದ ದೋಣಿಯನ್ನು ಪ್ರೀತಿಸುವವರು ಅದನ್ನು ನಡೆಸಲೇಬೇಕು. ಇಳಿಯುವಾಗ ಅಂಬಿಗರಿಗೆ ಅಷ್ಟೇ ಹೇಳಿದೆ: "ಈ ಸಲ ಹುಡುಗ ಬಂದಾಗ ಅವನ ಕೈಗೆ ಹುಟ್ಟು ಕೊಡಿ."

ಮಕ್ಕಳೇ, ನಿಮಗೊಂದು ಕೆಲಸ. ಮಳೆಗಾಲದಲ್ಲಿ ಮನೆಯ ಮರದ ಬಾಗಿಲು ಬಿಗಿಯಾಗುತ್ತದಲ್ಲ, ಆಗ ಅದರ ಅಗಲ ಅಳೆದು ಬರೆದಿಡಿ. ಬೇಸಿಗೆಯಲ್ಲಿ ಮತ್ತೊಮ್ಮೆ ಅಳೆಯಿರಿ. ಇದು ಪರೀಕ್ಷೆಗೆ ಬರುತ್ತದೆಯೇ ಎಂದು ತಂದೆತಾಯಂದಿರು ಕೇಳಬಹುದು. ಬರುವುದಿಲ್ಲ. ಆದರೂ ಅಳೆಯಲಿ ಬಿಡಿ.